ಒಂಬೈನೂರ ಎಂಬತ್ತರ ಮಹಿಮೆ

ನಾಗಮಂಗಲದ ಕಾಲೇಜೊಂದರಲ್ಲಿ ನಾನು ಫಿಸಿಕ್ಸ್ ಮೇಷ್ಟ್ರು. ನಮ್ಮ ಸಂಬಂಧಿಕರ ಪ್ರಕಾರ ಹಾಗೆಂದರೆ ಫ್ಯಾನು ರಿಪೇರಿ ಬಲ್ಲವನು. ಮದುವೆಮನೆಯಲ್ಲಿ ಮೈಕು ಕೆಟ್ಟರೂ ಎಲ್ಲರ ಕಣ್ಣು ನನ್ನ ಮೇಲೆಯೇ. ನಿಜ ಹೇಳುತ್ತೇನೆ, ಮನೆಯಲ್ಲಿ ಫ್ಯೂಸ್ ಹಾಕುವವಳು ನನ್ನ ಹೆಂಡತಿ.

ದಾರಕ್ಕೆ ಗುಂಡು ಕಟ್ಟಿ ತೂಗಾಡಿಸಿ, ಸ್ಟಾಪ್‌ವಾಚಿನಲ್ಲಿ ಹೊತ್ತು ಅಳೆದು, ಭೂಮಿಯ ಸೆಳೆತವನ್ನು ಲೆಕ್ಕ ಹಾಕುವ ಪ್ರಯೋಗ ನಿಮಗೂ ನೆನಪಿರಬಹುದು. ಉತ್ತರ ಸೆಂಟಿಮೀಟರಿನ ಲೆಕ್ಕದಲ್ಲಿ ಒಂಬೈನೂರ ಎಂಬತ್ತು ಬರಬೇಕು. ಬಾರದಿದ್ದರೆ ಬರಿಸಬೇಕು. ಮೊದಲು ಉತ್ತರ ಬರೆದುಕೊಂಡು, ಹಿಂದಕ್ಕೆ ಲೆಕ್ಕ ಹಾಕುತ್ತಾ ರೀಡಿಂಗ್ ತುಂಬುವ ಆ ವಿದ್ಯೆಯಲ್ಲಿ ಓದುವ ಕಾಲದಲ್ಲಿ ನಾನು ಮಹಾ ನಿಪುಣ. ಹಾಗಾಗಿ ಈಗಿನ ಮಕ್ಕಳು ಅದನ್ನೇ ಮಾಡಿದರೆ ಕಂಡೂ ಕಾಣದವನಂತೆ ಸಹಿ ಹಾಕುತ್ತಿದ್ದೆ.

ಬಿಂಡಿಗನವಿಲೆಯಿಂದ ಬಸ್ಸಿನಲ್ಲಿ ಬರುವ ಸವಿತಾ ಮಾತ್ರ ಒಂಬೈನೂರ ಮೂರು ತಂದಳು. ಮರುದಿನವೇ ಪ್ರಾಕ್ಟಿಕಲ್ ಪರೀಕ್ಷೆ. ರೆಕಾರ್ಡಿಗೆ ಸಹಿ ಇಲ್ಲದಿದ್ದರೆ ಕೂರಿಸುವುದಿಲ್ಲ.

"ಐದ್ ಸಲ ಮಾಡ್ದೆ ಸಾ. ಎಂಗ್ ಮಾಡುದ್ರೂ ಇಷ್ಟೇ ಬತ್ತದೆ" ಎಂದಳು. ಕಣ್ಣು ತುಂಬಿತ್ತು.

"ಒಂಬೈನೂರೆಂಬತ್ತು ಅಂತ ಬರ್ಕೊಂಡ್ಬುಡವ್ವ, ಯಾರ್ ನೋಡ್ತಾರೆ?" ಎಂದ ಅಟೆಂಡರ್ ಕೆಂಪಣ್ಣ.

"ಬರ್ದೇ ಇರೋದ್ನ ಬಂತು ಅಂತ ಎಂಗಣ್ಣ ಬರೀಲಿ?"

ನನಗೆ ಸಿಟ್ಟೇ ಬಂತು. ಇವಳಿಗೆ ನೆಟ್ಟಗೆ ಎಣಿಸಲೂ ಬರುವುದಿಲ್ಲವಲ್ಲ ಎಂದುಕೊಂಡು ನಾನೇ ಗುಂಡು ತೂಗಾಡಿಸಿ ಎಣಿಸಿದೆ. ಒಂಬೈನೂರ ಮೂರು! ಬೆವರು ಒರೆಸಿಕೊಂಡು ಸ್ಟಾಪ್‌ವಾಚನ್ನು ಮೊಬೈಲಿನ ಪಕ್ಕ ಇಟ್ಟು ನೋಡಿದೆ. ಮೊಬೈಲಿನಲ್ಲಿ ಒಂದು ನಿಮಿಷ ಆಗುವಷ್ಟರಲ್ಲಿ ಈ ಪುಣ್ಯಾತ್ಮ ಅರವತ್ತೆರಡೂವರೆ ಸೆಕೆಂಡು ಓಡಿದ್ದ. ವಾಚು ಹೊತ್ತು ಹೆಚ್ಚು ತೋರಿಸಿದರೆ ಉತ್ತರ ಇಳಿಯಲೇಬೇಕು. ನಮ್ಮಲ್ಲಿ ಈ ಪ್ರಯೋಗಕ್ಕೆ ಮೊದಲಿನಿಂದಲೂ ಇರುವುದು ಇದೊಂದೇ ವಾಚು.

ನಾಚಿಕೆಯಿಂದ ಹಿಡಿಯಷ್ಟಾದೆ. ಅಷ್ಟು ವರ್ಷ ಅಷ್ಟು ಜನ ಆ ವಾಚು ಹಿಡಿದಿದ್ದರು, ನನ್ನನ್ನೂ ಸೇರಿಸಿ ಒಬ್ಬರಿಗೂ ಅದು ಕೆಟ್ಟಿದೆಯೆಂದು ತಿಳಿದಿರಲಿಲ್ಲ.

"ನಿಂದೇ ಸರಿ ಕಣವ್ವ, ವಾಚು ಕೆಟ್ಟೋಗದೆ" ಎಂದು ಒಂಬೈನೂರ ಮೂರರ ಕೆಳಗೆ ಸಹಿ ಹಾಕಿದೆ. ಹುಡುಗಿಯ ಮುಖ ಅರಳಿತು. ರೆಕಾರ್ಡನ್ನು ಎದೆಗವಚಿಕೊಂಡು ಬಾಗಿಲವರೆಗೆ ಹೋದವಳು, ನನ್ನ ಮೇಜಿನ ಮೇಲಿದ್ದ ಮಿಕ್ಕವರ ರೆಕಾರ್ಡುಗಳನ್ನು ನೋಡಿ ನಿಂತಳು.

"ಅಂಗಾರೆ ಇವ್ರ್ಗೆಲ್ಲ ಎಂಗ್ ಸಾ ಸರಿಯಾಗ್ ಬಂತು?"

ಕೆಂಪಣ್ಣ ಕೆಮ್ಮಿದ.

"ನಾನು ಸಹಿ ಹಾಕ್ತಿದ್ನಲ್ಲವ್ವ, ಅದಕ್ಕೆ ಬಂತು" ಎಂದೆ. ಆ ಲ್ಯಾಬಿನಲ್ಲಿ ನನಗೆ ಬಂದ ಮೊದಲ ಸರಿಯಾದ ಉತ್ತರ ಅದು.