ಲಕ್ಕವ್ವನ ಖಾಲಿ ಡಬ್ಬಿ

ಲಕ್ಕವ್ವಾ, ನಿನ್ನ ಡಬ್ಬಿಯ ಊಟವನ್ನು ನೀನು ಚೆಲ್ಲಲಿಲ್ಲ. ನಾನು ತಿಂದೆ. ಹದಿನೆಂಟು ದಿನ, ಆಟದ ಸಾಮಾನು ಇಡುವ ಕೋಣೆಯಲ್ಲಿ, ಬಾಗಿಲು ಮುಂದೆ ಮಾಡಿಕೊಂಡು ತಿಂದೆ. ಇದನ್ನು ಹೇಳುವುದಕ್ಕೆ ನನಗೆ ಹನ್ನೆರಡು ವರ್ಷ ಹಿಡಿಯಿತು.

ನಿನಗೆ ಗೊತ್ತಿರುವ ಮಾತೇ. ಆದರೂ ನನ್ನ ಕಡೆಯಿಂದ ಬರಬೇಕಲ್ಲ — ಬರಲಿಲ್ಲ. ನೀನಾಗ ಒಂಬತ್ತನೇ ತರಗತಿ, ನಾನು ನಿಮ್ಮ ಪಿ.ಟಿ. ಮಾಸ್ತರ. ಪ್ರತಿ ಶನಿವಾರ ಕವಾಯತು ಮುಗಿಸಿ, ನಿಮ್ಮನ್ನೆಲ್ಲ ಬೇವಿನ ಗಿಡದ ಕೆಳಗೆ ಕೂರಿಸಿ ಭಾಷಣ ಬಿಗಿಯುತ್ತಿದ್ದೆ. "ಆಡೋ ಮಕ್ಕಳು ಉಪಾಸ ಇರಬಾರ್ದು. ರೊಟ್ಟಿ, ಕಾಳಪಲ್ಯ, ಮಜ್ಜಿಗಿ, ಶೇಂಗಾ — ಒಂದೂ ಬಿಡಬ್ಯಾಡ್ರಿ!" ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದವಳು ನೀನೇ.

ಆಮೇಲೆ ಗೋಕಾಕದಲ್ಲಿ ತಾಲೂಕಿನ ಕುಸ್ತಿ ಪಂದ್ಯ ನಿಗದಿಯಾಯಿತು, ಗೆದ್ದವರು ಜಿಲ್ಲೆಗೆ. ನಿನ್ನ ತೂಕದ ಗುಂಪಿನಲ್ಲಿ ಮೂಡಲಗಿಯ ಗಟ್ಟಿ ಹುಡುಗಿಯೊಬ್ಬಳಿದ್ದಳು. ಮೂರು ಕಿಲೋ ಇಳಿದರೆ ನೀನು ಕೆಳಗಿನ ಗುಂಪಿಗೆ ಬರುತ್ತಿದ್ದೆ, ಅಲ್ಲಿ ನಿನಗೆ ಸರಿಸಾಟಿ ಯಾರೂ ಇರಲಿಲ್ಲ. ಅಷ್ಟು ವರ್ಷಗಳಲ್ಲಿ ನಾನು ಕಲಿಸಿದ ಒಬ್ಬ ಹುಡುಗಿಯೂ ಜಿಲ್ಲೆಯ ತನಕ ಹೋಗಿರಲಿಲ್ಲ. ಗೆದ್ದವರಿಗೆ ಕೊಡುವ ಕಪ್ ನನಗೆ — ಹೌದು, ನಿನಗಲ್ಲ, ನನಗೆ — ಬೇಕಾಗಿತ್ತು. "ಮಧ್ಯಾಹ್ನದ ಊಟ ಬಿಡವಾ. ಮನ್ಯಾಗ ಹೇಳಬ್ಯಾಡ," ಎಂದೆ. ನೀನು ಗೋಣು ಹಾಕಿದೆ. ಮಾಸ್ತರರು ಹೇಳಿದ ಮೇಲೆ ಮುಗಿಯಿತು, ಅಷ್ಟು ನಂಬಿದ್ದೆ ನನ್ನನ್ನು.

ಶಾಲೆಯಲ್ಲಿ ಬಿಸಿಯೂಟವಿದ್ದರೂ ಕುಸ್ತಿ ಆಡುವ ಮಗಳಿಗೆಂದು ನಿನ್ನ ಅವ್ವ ಬೇರೆ ಡಬ್ಬಿ ಕಟ್ಟುತ್ತಿದ್ದಳು. ಬಿಸಿ ರೊಟ್ಟಿಗೆ ಬೆಳ್ಳುಳ್ಳಿ, ಖಾರ, ಎಣ್ಣೆ ಹಾಕಿ ಕುಟ್ಟಿ ಉಂಡೆ ಮಾಡಿದ ಮುಟಗಿ. ಡಬ್ಬಿ ತುಂಬಿಯೇ ಮನೆಗೆ ಹೋದರೆ ಅವಳಿಗೆ ಗೊತ್ತಾಗುತ್ತದೆ. ಅನ್ನ ಚೆಲ್ಲುವುದು ಪಾಪ ಎಂದು ನಾನೇ ಪಾಠ ಹೇಳಿದವನು. ಅದಕ್ಕೆ — ತಿಂದೆ. ನೀನು ಬಾಗಿಲ ಹೊರಗೆ ನಿಂತು ಡಬ್ಬಿಗಾಗಿ ಕಾಯುತ್ತಿದ್ದೆ. ಮುಟಗಿಯ ವಾಸನೆ ಹೊರಗೆ ಬರುತ್ತಿತ್ತೋ ಏನೋ... ಕೇಳುವ ಧೈರ್ಯ ಇವತ್ತಿಗೂ ನನಗಿಲ್ಲ.

ಕೊನೆಯ ಎರಡು ದಿನ ನೀರನ್ನೂ ಕಡಿಮೆ ಮಾಡಿಸಿದೆ. ಗೋಕಾಕದಲ್ಲಿ ತೂಕ ನೋಡುವ ಸಾಲಿನಲ್ಲೇ ನೀನು ಕುಸಿದು ಬಿದ್ದೆ. ಘಟಪ್ರಭಾದ ದವಾಖಾನೆಗೆ ಸೇರಿಸಿದೆವು. ಹುಡುಗಿ ಸರಿಯಾಗಿ ಉಂಡಿಲ್ಲ ಎಂದರು ಡಾಕ್ಟರು. ನಿಮ್ಮೂರು ಕೊಣ್ಣೂರಿನಿಂದ ಓಡಿ ಬಂದ ನಿನ್ನ ಅವ್ವ ನನ್ನ ಮುಂದೆ ನಿಂತಳು. "ಮಾಸ್ತರ್ರ, ಡಬ್ಬಿ ದಿನಾ ಖಾಲಿ ಬರ್ತೈತಿ. ಮತ್ತ ಉಂಡದ್ದೆಲ್ಲ ಎಲ್ಲಿ ಹೋತ್ರಿ?"

ಆಗ ನಾನು ಆ ಮಾತು ಆಡಿದೆ. "ಆಕೀನ ಚೆಲ್ಲತಿರಬೇಕಬೇ."

ಅವಳು ನಿನ್ನ ಕಪಾಳಕ್ಕೆ ಹೊಡೆದಳು. ನಿನ್ನ ಕೈಗೆ ಸಲೈನ್ ಹಚ್ಚಿತ್ತು, ಹಾಗಿದ್ದರೂ. "ಯವ್ವಾ, ನಾ ಚೆಲ್ಲಿಲ್ಲಬೇ," ಎಂದೆ ನೀನು. ಅಷ್ಟೇ. ನನ್ನ ಕಡೆ ಒಮ್ಮೆ ನೋಡಿದೆ, ನನ್ನ ಹೆಸರು ಮಾತ್ರ ಹೇಳಲಿಲ್ಲ. ನಾನು ಕಿಟಕಿಯತ್ತ ಮುಖ ತಿರುಗಿಸಿಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು! ಅಲ್ಲಿಗೆ ನಿನ್ನ ಕುಸ್ತಿ ಮುಗಿಯಿತು. ಮುಂದೆ ನೀನು ಹುಕ್ಕೇರಿಗೆ ಮದುವೆಯಾಗಿ ಹೋದೆ ಎಂದು ಕೇಳಿದೆ.

ನಾನು ನಿವೃತ್ತನಾದೆ, ಹಾರ ಹಾಕಿಸಿಕೊಂಡೆ. ಹೋದ ತಿಂಗಳು ಗೋಕಾಕದಲ್ಲಿ ಆಟದ ಮಕ್ಕಳ ಶಿಬಿರಕ್ಕೆ, ಊಟದ ಬಗ್ಗೆ ನಾಲ್ಕು ಮಾತು ಹೇಳಿರೆಂದು ಕರೆದಿದ್ದರು. ಹಳೆಯ ಭಾಷಣವನ್ನೇ ಶುರು ಮಾಡಿದೆ. ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು, "ಸರ್, ತೂಕ ಇಳಸಾಕ ಊಟ ಬಿಟ್ರ ನಡೀತೈತೇನ್ರಿ?" ಎಂದಳು. "ಬ್ಯಾಡವಾ, ಯಾರು ಹೇಳಿದ್ರೂ ಬಿಡಬ್ಯಾಡ. ಮಾಸ್ತರ ಹೇಳಿದ್ರೂ..." ಎಂದವನೇ ಕುರ್ಚಿಯಲ್ಲಿ ಕೂತುಬಿಟ್ಟೆ. ವಯಸ್ಸಾಗಿದೆ ಎಂದುಕೊಂಡು ಯಾರೋ ನೀರು ತಂದುಕೊಟ್ಟರು.

ನಿನ್ನೆ ಕೊಣ್ಣೂರಿಗೆ ಹೋಗಿ ನಿನ್ನ ಅವ್ವನಿಗೆ ಎಲ್ಲ ಹೇಳಿದೆ. ಬಯ್ಯುತ್ತಾಳೆ ಎಂದುಕೊಂಡಿದ್ದೆ, ಬೈಸಿಕೊಳ್ಳಲೆಂದೇ ಹೋಗಿದ್ದೆ. ಅವಳು, "ತವರಿಗೆ ಬಂದಾಗ ಒಮ್ಮಿನೂ ಆಕಿಗೆ ಬುತ್ತಿ ಕಟ್ಟಿ ಕಳಿಸಿಲ್ರಿ ನಾ. ಚೆಲ್ಲತಾಳ ಅಂತ," ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ನನಗ್ಯಾಕ ಹೇಳಾಕತ್ತೀರಿ? ಪೆಟ್ಟು ತಿಂದಾಕಿ ಆಕಿ," ಎಂದು ಒಳಗೆ ಹೋದಳು.

ಇವತ್ತು ಬೆಳಿಗ್ಗೆ ಮತ್ತೆ ಬರಹೇಳಿದ್ದಳು. ಹೋದರೆ ಕೈಗೆ ಒಂದು ಡಬ್ಬಿ ಕೊಟ್ಟಳು, ಇನ್ನೂ ಬಿಸಿಯಿತ್ತು. "ಆಕಿಗೆ ಒಯ್ದು ಕೊಡ್ರಿ," ಎಂದಳು. ನಾನು ಹೊಸ್ತಿಲು ದಾಟುವಾಗ ಹಿಂದಿನಿಂದ ಮತ್ತೆ ಅವಳ ದನಿ ಬಂತು:

"ಮಾಸ್ತರ್ರ, ಈ ಸಲಾ ದಾರ್ಯಾಗ ತಿನಬ್ಯಾಡ್ರಿ."

ಹುಕ್ಕೇರಿ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಆವತ್ತು ನಿನ್ನೆದುರು ಬಾಯಿ ಬಿಡದವನು ಇವತ್ತು ಬಿಟ್ಟೇನು ಎನ್ನುವ ಭರವಸೆ ನನಗಿಲ್ಲ, ಅದಕ್ಕೇ ಬರವಣಿಗೆ. ನಿನ್ನ ಮನೆ ಈ ನಿಲ್ದಾಣದ ಹಿಂದಿನ ಓಣಿಯಲ್ಲೇ ಇದೆಯಂತೆ. ನೀನು ಬಾಗಿಲು ತೆಗೆಯದಿದ್ದರೂ ಸರಿಯೇ — ಹೊರಗೆ ನಿಂತು ಕಾಯುತ್ತೇನೆ. ಡಬ್ಬಿ ತೊಡೆಯ ಮೇಲಿದೆ. ತುಂಬಿದೆ, ಲಕ್ಕವ್ವಾ.