ಅಳಿಯನ ಆಸ್ಪತ್ರೆ

ದಾವಣಗೆರೆಯಲ್ಲಿ ಡಾಕ್ಟರುಗಳಿಗೆ ಬರವಿಲ್ಲ. ಒಂದು ರಸ್ತೆಯ ಈ ತುದಿಯಿಂದ ಆ ತುದಿಗೆ ನಡೆದರೆ ಹಲ್ಲಿನವರು, ಮೂಳೆಯವರು, ಸಕ್ಕರೆ ಕಾಯಿಲೆಯವರು, ನಡುನಡುವೆ ನಗುವ ಕೂಸಿನ ಫೋಟೋ ಹಾಕಿಕೊಂಡ ಮಕ್ಕಳಾಗದವರ ಆಸ್ಪತ್ರೆಗಳು. ಇಷ್ಟೊಂದರಲ್ಲಿ ನಮಗೆ ಯಾವುದು ಎಂದು ಆರಿಸುವ ಕೆಲಸ ನನ್ನದಾಗಿರಬೇಕಿತ್ತು. ಹೊಟ್ಟೆ ನನ್ನದು, ಸೂಜಿ ಚುಚ್ಚಿಸಿಕೊಳ್ಳುವ ಮೈ ನನ್ನದು. ಆರಿಸಿದ್ದು ಮಾತ್ರ ನಮ್ಮ ಅತ್ತೆ, ಮಾವ. ಅದೂ ಉಂಡು ಕೈ ತೊಳೆಯುವಷ್ಟರಲ್ಲಿ.

ನನ್ನ ತವರು ಕೊಕ್ಕನೂರು. ಮದುವೆಯಾಗಿ ಹರಿಹರಕ್ಕೆ ಬಂದೆ. ಮಾವನದು ಸಿಮೆಂಟು, ಕಬ್ಬಿಣದ ಅಂಗಡಿ. ನನ್ನ ಗಂಡ ಒಬ್ಬನೇ ಮಗ, ಅದೇ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ನಾನು ಬಿ.ಎಸ್ಸಿ., ಬಿ.ಎಡ್. ಮಾಡಿಕೊಂಡವಳು, ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮದುವೆಯಾಗಿ ಮೂರು ವರ್ಷವಾದರೂ ಏನೂ ಆಗದಿದ್ದಾಗ ಮನೆಯಲ್ಲಿ ಆಸ್ಪತ್ರೆಯ ಮಾತು ಶುರುವಾಯಿತು. ಆಗ ನನಗೆ ಮೂವತ್ತೊಂದು.

ನಮ್ಮ ಶಾಲೆಯ ಕನ್ನಡ ಟೀಚರಿಗೆ ತಡವಾಗಿ ಮಗುವಾಗಿತ್ತು. ಆಕೆ ಹೋಗಿದ್ದದ್ದು ದಾವಣಗೆರೆಯಲ್ಲೇ ಆವರಗೆರೆ ಕಡೆ ಹೊಸದಾಗಿ ಬಂದಿದ್ದ ಒಬ್ಬ ಲೇಡಿ ಡಾಕ್ಟರ ಹತ್ತಿರ. "ಕಡ್ಡಿ ಮುರಿದಂಗೆ ಮಾತಾಡ್ತಾರೆ. ಆಗೋದಾದ್ರೆ ಆಗ್ತತೆ ಅಂತಾರೆ, ಇಲ್ಲಾಂದ್ರೆ ಇಲ್ಲ ಅಂತಾರೆ. ಸುಮ್ನೆ ಅಲೆದಾಡಿಸಲ್ಲ" ಎಂದಳು. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ ನಾನೊಬ್ಬಳೇ ಹೋಗಿ ನೋಡಿಕೊಂಡು ಬಂದೆ. ಸಣ್ಣ ಜಾಗ, ಪ್ಲಾಸ್ಟಿಕ್ ಕುರ್ಚಿಗಳು. ಕೌಂಟರಿನಲ್ಲಿದ್ದ ಹುಡುಗಿ ನನ್ನ ಹಿಂದೆ ಮುಂದೆ ನೋಡಿ, "ಯಜಮಾನ್ರು ಎಲ್ಲಿ? ಇಬ್ರೂ ಬರ್ಬೇಕು ಮೇಡಂ. ಮೊದ್ಲು ಗಂಡಸ್ರುದು ಟೆಸ್ಟ್ ಮಾಡ್ತೀವಿ. ಅದು ಒಂದೇ ದಿನದ ಕೆಲಸ" ಎಂದಳು. ನನಗೆ ಅದೆಷ್ಟು ಹಿಡಿಸಿತು ಅಂತೀರಿ! ಯಾರೂ ಕಣ್ಣು ತಿರುಗಿಸಲಿಲ್ಲ, ಯಾರೂ ಪಿಸುಗುಟ್ಟಲಿಲ್ಲ. ಇದೇ ಸರಿಯಾದ ಜಾಗ ಎಂದುಕೊಂಡು ಖುಷಿಯಿಂದ ಮನೆಗೆ ಬಂದೆ.

ರಾತ್ರಿ ಊಟಕ್ಕೆ ಬಡಿಸುತ್ತಾ ಅದನ್ನೇ ಹೇಳಿದೆ. ಮಾವ ತುತ್ತು ಕಲೆಸುತ್ತಿದ್ದ ಕೈ ನಿಲ್ಲಿಸಿದರು. ನನ್ನ ಗಂಡ ತಟ್ಟೆಯಿಂದ ತಲೆಯನ್ನೇ ಎತ್ತಲಿಲ್ಲ.

"ಆ ಯಮ್ಮ ಯಾರೋ, ಎಲ್ಲಿಯೋಳೋ! ನಮ್ಮ ಮನಿ ಗಂಡಸನ್ನ ಅಂಥಲ್ಲಿ ಕರ್ಕಂಡೋಗಿ ನಿಲ್ಲಸ್ತೀಯಾ?" ಎಂದರು ಅತ್ತೆ. "ನಮ್ಮ ಅಕ್ಕನ ಅಳಿಯನೇ ಅಷ್ಟು ದೊಡ್ಡ ಆಸ್ಪತ್ರೆ ಇಟ್ಕಂಡಾನೆ. ಅವ್ನ ಬಿಟ್ಟು ಕಂಡೋರ ಬಾಗ್ಲಿಗೆ ಹೋದ್ರೆ ನಮ್ಮಕ್ಕಗೆ ಹೆಂಗೆ ಮುಖ ತೋರಸ್ಲಿ?"

"ಮನಿ ವಿಷಯ ನಮ್ಮೋರ ಹತ್ರನೇ ಇರ್ಲಿ" ಎಂದರು ಮಾವ. ಅಲ್ಲಿಗೆ ಮುಗಿಯಿತು.

ನಮ್ಮ ಕಡೆ ಅಳಿಯನೆಂದರೆ ಏನೆಂದು ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಅವನು ಬಂದರೆ ಎದ್ದು ನಿಲ್ಲಬೇಕು, ಅವನು ಉಣ್ಣುವ ತನಕ ಉಳಿದವರು ಕಾಯಬೇಕು, ಅವನ ಮುಖ ಚೂರು ಸಣ್ಣದಾದರೂ ಮನೆಯೆಲ್ಲ ನಡುಗಬೇಕು. ಅಂಥ ಅಳಿಯ ಡಾಕ್ಟರೂ ಆಗಿಬಿಟ್ಟರೆ ಕೇಳಬೇಕೇ? ನಾವು ಅವರ ಆಸ್ಪತ್ರೆಗೆ ಹೋದಾಗಲೂ ಬೀಗರ ಮನೆಗೆ ಹೋದ ಹಾಗೆಯೇ. ಅತ್ತೆ ರೇಷ್ಮೆ ಸೀರೆ ಉಟ್ಟು ಹೊರಡುವರು. ಡಬ್ಬಿಯಲ್ಲಿ ಕರ್ಜಿಕಾಯಿ, ಬೇಸಿಗೆಯಾದರೆ ಮಾವಿನಹಣ್ಣು. ಮುಂದಿನ ಬಾಗಿಲಲ್ಲಿ ಟೋಕನ್ ಹಿಡಿದು ಕೂತ ಹೆಂಗಸರನ್ನು ದಾಟಿ, ಔಷಧಿ ಅಂಗಡಿಯ ಹಿಂದಿನ ಓಣಿಯಿಂದ ನಮ್ಮನ್ನು ಒಳಗೆ ಬಿಡುತ್ತಿದ್ದರು. ಫೀಸು ಕೊಡಹೋದರೆ, "ಛೇ ಛೇ, ಏನ್ ಅತ್ತೆ ಇದು, ನಿಮ್ಮತ್ರ ಈಸ್ಕೊಳ್ಳೋದಾ?" ಎಂದು ಡಾಕ್ಟರು ಕೈಮುಗಿಯುವರು. ಅತ್ತೆಯ ಮುಖ ಊರಗಲ ಆಗುವುದು.

ಮೊದಲ ದಿನವೇ ನಾನು ಕೇಳಿದೆ: "ಡಾಕ್ಟ್ರೇ, ಇಬ್ರಿಗೂ ಟೆಸ್ಟ್ ಮಾಡ್ಬೇಕಲ್ವಾ?" ಮೇಜಿನ ಕೆಳಗೆ ಅತ್ತೆ ನನ್ನ ತೊಡೆ ಚಿವುಟಿದರು. ಡಾಕ್ಟರು ಬಲು ಮೃದುವಾಗಿ ನಕ್ಕು, "ಅದೆಲ್ಲ ನಾವು ನೋಡ್ಕೊಂತೀವಿ ತಂಗಿ. ನೀನು ಟೆನ್ಶನ್ ತಗಬ್ಯಾಡ" ಎಂದರು. ಒಳ್ಳೆಯ ಮನುಷ್ಯ. ಇವತ್ತಿಗೂ ಊರಲ್ಲಿ ಎಲ್ಲರೂ ಹಾಗೆಯೇ ಹೇಳುತ್ತಾರೆ.

ಆಮೇಲೆ ಶುರುವಾಯಿತು ನೋಡಿ ನನ್ನ ಪೂಜೆ. ಗುಳಿಗೆ, ಸ್ಕ್ಯಾನು, ಇಂಜೆಕ್ಷನ್ನು, ಮತ್ತೆ ಸ್ಕ್ಯಾನು. ಗರ್ಭನಾಳ ಮುಚ್ಚಿದೆಯೋ ತೆರೆದಿದೆಯೋ ನೋಡಲು ಬಣ್ಣದ ಔಷಧಿ ಬಿಟ್ಟು ಪರೀಕ್ಷೆ ಮಾಡಿದ ದಿನ ನಾನು ಮಂಚದ ಕಂಬಿ ಹಿಡಿದು ಅತ್ತಿದ್ದೇನೆ. ನರ್ಸು ನನ್ನ ಹಣೆಯ ಮೇಲೆ ಕೈಯಿಟ್ಟು, "ಆಯ್ತಕ್ಕ, ಆಯ್ತು" ಎನ್ನುತ್ತಲೇ ಇದ್ದಳು. ಆಗಿರಲಿಲ್ಲ. ಎಲ್ಲ ಸರಿಯಿದೆ ಎಂದರು. ಸರಿಯಿದ್ದರೆ ಯಾಕೆ ಆಗುತ್ತಿಲ್ಲ ಎಂದು ಮರುವರ್ಷ ಹೊಟ್ಟೆಗೆ ತೂತು ಮಾಡಿ, ಕ್ಯಾಮೆರಾ ಬಿಟ್ಟು ನೋಡಿದರು. ಆಗಲೂ ಎಲ್ಲ ಸರಿಯಿತ್ತು. ಸ್ಕ್ಯಾನಿಗೆ ಕರೆದ ದಿನಗಳೆಲ್ಲ ಶಾಲೆಯ ದಿನಗಳೇ. ರಜೆ ಕೇಳಿ ಕೇಳಿ ನಾಚಿಕೆಯಾಗಿ ಕೊನೆಗೆ ಕೆಲಸವನ್ನೇ ಬಿಟ್ಟೆ.

ನನಗೆ ಮಗು ಬೇಕಿತ್ತು. ಇದನ್ನು ನೇರವಾಗಿ ಹೇಳಲು ನಮ್ಮಲ್ಲಿ ಹೆಂಗಸರಿಗೆ ಸಂಕೋಚ; ವಂಶಕ್ಕೆ ಬೇಕು, ಮನೆಗೆ ಬೇಕು, ಹಿರಿಯರ ಆಸೆ ಎಂದೆಲ್ಲ ಸುತ್ತಿ ಬಳಸಿ ಹೇಳುತ್ತೇವೆ. ಮಣ್ಣುಪಾಲಾಗಲಿ ವಂಶ. ನನಗೆ ಬೇಕಿತ್ತು, ನನ್ನ ಮಡಿಲಿಗೆ. ಬಸ್ಸಿನಲ್ಲಿ ಪಕ್ಕದ ಸೀಟಿನವರ ಕೂಸು ನನ್ನ ಬಳೆ ಹಿಡಿದೆಳೆದರೆ ಇಳಿಯುವ ಸ್ಟಾಪು ದಾಟಿ ಹೋಗುತ್ತಿದ್ದೆ. ನಂಟರ ಮನೆಯ ತೊಟ್ಟಿಲ ಕಾರ್ಯದಲ್ಲಿ ಕೂಸನ್ನು ಕೈಯಿಂದ ಕೈಗೆ ದಾಟಿಸುತ್ತಾ ಬಂದವರು ನನ್ನ ಹತ್ತಿರ ಬಂದಾಗ ಸುಮ್ಮನೆ ಆಚೆಯವಳಿಗೆ ಕೊಟ್ಟರು. ನಾನು ಚಾಚಿದ ಕೈ ಹಾಗೇ ಇತ್ತು. ಅತ್ತೆ ನೋಡಿಯೂ ಎಲೆ ಅಡಿಕೆ ತಟ್ಟೆ ಕಡೆ ತಿರುಗಿದರು.

ಲೇಡಿ ಡಾಕ್ಟರ ಮಾತನ್ನು ನಡುನಡುವೆ ಎತ್ತುತ್ತಲೇ ಇದ್ದೆ. ಪ್ರತಿ ಸಲವೂ ಅದೇ ಉತ್ತರ: ಅಳಿಯನಿಗೆ ಬೇಜಾರಾಗುತ್ತದೆ. ಗಂಡನ ಹತ್ತಿರ ಜಗಳ ಮಾಡಿದರೆ, "ಅಪ್ಪಾಜಿ ಬ್ಯಾಡ ಅಂದಾರಲ್ಲ, ಮತ್ಯಾಕ ಅದನ್ನ ಎತ್ತುತೀಯ?" ಎಂದು ಗೋಡೆ ಕಡೆ ತಿರುಗಿ ಮಲಗುವರು. ಹೀಗೆ ಐದು ವರ್ಷ ಸರಿದುಹೋದವು.

ನಾನು ಅತ್ತು ಕರೆದರೂ ಆಗದ್ದು ಕೊನೆಗೆ ಒಂದು ಸೀರೆಯಿಂದ ಆಯಿತು. ಅತ್ತೆಯ ಅಕ್ಕನ ಮೊಮ್ಮಗಳಿಗೆ, ಅಂದರೆ ಅದೇ ಡಾಕ್ಟರ ಮಗಳಿಗೆ ಮದುವೆ. ನಮ್ಮ ಮನೆಯಿಂದ ಭರ್ಜರಿ ಮುಯ್ಯಿ ಮಾಡಿದೆವು. ತಿರುಗಿ ಅವರು ನಮ್ಮ ಅತ್ತೆಗೆ ಉಡಿಸಿದ್ದು ಕೆಲಸದವರಿಗೆ ಕೊಡುವಂಥ ಸೀರೆ ಎಂದು ಅತ್ತೆಯ ವಾದ. ಕಲ್ಯಾಣಮಂಟಪದಲ್ಲೇ ಅಕ್ಕ ತಂಗಿಗೆ ಮಾತು ಬೆಳೆಯಿತು. ಅತ್ತೆ ಆ ಸೀರೆಯನ್ನು ಅಲ್ಲಿಯೇ ಕುರ್ಚಿಯ ಮೇಲೆ ಬಿಸುಟು ಊಟ ಮಾಡದೆ ಹರಿಹರಕ್ಕೆ ಬಂದರು. ಮನೆಗೆ ಬಂದವರೇ, "ಅವ್ನ ಕೈಗುಣನೇ ಸರಿಯಿಲ್ಲ. ಐದು ವರ್ಸದಿಂದ ಏನ್ ಕಿಸಿದ? ನಿಂದೊಬ್ಳು ಲೇಡಿ ಡಾಕ್ಟ್ರು ಇದ್ಲಲ್ಲ, ಅಲ್ಲಿಗೇ ಹೋಗ್ರಿ" ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಾವ ಮಾತ್ರ ಒಂದು ಕ್ಷಣ ಅತ್ತೆಯನ್ನು ದುರುಗುಟ್ಟಿ ನೋಡಿದ್ದು ನೆನಪಿದೆ. ಸಿಟ್ಟಿನಲ್ಲಿ ಬಾಯಿ ಜಾರಿದ್ದು ಆಕೆಗೆ ಆಮೇಲೆ ಗೊತ್ತಾಗಿರಬೇಕು. ಅಷ್ಟರಲ್ಲಿ ನಾನು ಫೋನು ಮಾಡಿ ಹೆಸರು ಬರೆಸಿಯಾಗಿತ್ತು.

ಆವರಗೆರೆಗೆ ಗಂಡನನ್ನು ಕರೆದುಕೊಂಡೇ ಹೋದೆ. ಒಳಗೆ ಡಾಕ್ಟರು ನನ್ನ ಐದು ವರ್ಷದ ಕಾಗದಗಳನ್ನೆಲ್ಲ ಒಂದೊಂದಾಗಿ ತಿರುವಿ ನೋಡಿ ಕನ್ನಡಕ ತೆಗೆದರು.

"ಇದೆಲ್ಲ ನಿಮ್ಮದೇ ಆಯಿತಲ್ಲಮ್ಮ. ಯಜಮಾನರದು ಎಲ್ಲಿ?"

ಆಗಿಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಪಕ್ಕದಿಂದ ನನ್ನ ಗಂಡ, "ಆಗೈತೆ ಮೇಡಂ" ಎಂದರು.

"ಯಾವಾಗ?"

"ಮೊದ್ಲೇ. ಅವ್ರ ಹತ್ರ ಹೋಗೋಕೆ ಶುರು ಮಾಡಿದ ವಾರನೇ. ಭಾನುವಾರ ನನ್ನೊಬ್ಬನ್ನೇ ಕರೆಸಿದ್ರು." ನೆಲ ನೋಡುತ್ತಾ ಹೇಳುತ್ತಿದ್ದರು. "ನಂದು ಭಾಳ ಕಮ್ಮಿ ಐತಂತೆ. ಹಂಗೇ ಬಿಟ್ರೆ ಮಕ್ಕಳಾಗಲ್ಲ ಅಂದಿದ್ರು. ಗುಳಿಗೆ ಕೊಟ್ಟಿದ್ರು, ತಗಂತಿದ್ದೆ."

ಗ್ಯಾಸ್ಟ್ರಿಕ್ ಎಂದು ದಿನಾ ನುಂಗುತ್ತಿದ್ದದ್ದು ಅದು. ನೀರಿನ ಲೋಟ ತಂದುಕೊಡುತ್ತಿದ್ದವಳು ನಾನೇ.

ಅಯ್ಯೋ ಶಿವನೇ, ಆ ಹೊತ್ತಿನಲ್ಲಿ ನನಗಾದದ್ದನ್ನು ಹೇಗೆ ಹೇಳಲಿ? ಡಾಕ್ಟರು ಎದುರಿಗಿದ್ದಾರೆ ಎನ್ನುವುದನ್ನೂ ಮರೆತು, "ಯಾರ್ಯಾರಿಗೆ ಗೊತ್ತಿತ್ತು?" ಎಂದು ಕೇಳಿದೆ.

"ಅಪ್ಪಾಜಿಗೆ. ಅವ್ವಗೆ. ನಿನಗೆ ಹೇಳ್ಬ್ಯಾಡ ಅಂತ ಅಪ್ಪಾಜಿನೇ ಅಂದ್ರು. ನಿಮ್ಮ ಕೊಕ್ಕನೂರಾಗೆ ಗೊತ್ತಾದ್ರೆ ಮರ್ಯಾದಿ ಏನಾಗ್ಬೇಕು ಅಂತ. ಅವ್ರು ಹಂಗಂದ ಮೇಲೆ ಡಾಕ್ಟ್ರು ಏನ್ ಮಾಡ್ತಾರೆ? ಹಿರೇರ ಮಾತು ತೆಗೆದುಹಾಕೋಕೆ ಆಗ್ತತಾ?"

"ಮತ್ತೆ ನನಗ್ಯಾಕ್ರಿ ಚುಚ್ಚಿದ್ರು? ನನ್ನ ಹೊಟ್ಟಿ ಯಾಕ್ರಿ ಕುಯ್ದ್ರು?"

ಉತ್ತರ ನನಗೇ ಗೊತ್ತಿತ್ತು. ಸೊಸೆಗೆ ಟ್ರೀಟ್‌ಮೆಂಟ್ ನಡೀತಾ ಐತೆ ಎಂದು ನಾಲ್ಕು ಜನರಿಗೆ ಹೇಳಲು ಅವರಿಗೊಂದು ಮಾತು ಬೇಕಿತ್ತು. ಆ ಮಾತಿಗೆ ನನ್ನ ಮೈ ಕೊಟ್ಟರು.

ಲೇಡಿ ಡಾಕ್ಟರು ಬೈಯಲಿಲ್ಲ. ಇಬ್ಬರಿಗೂ ಪರೀಕ್ಷೆ ಬರೆದರು. ರಿಸಲ್ಟು ಬಂದ ದಿನ ಕಡ್ಡಿ ಮುರಿದ ಹಾಗೆಯೇ ಹೇಳಿದರು: "ನಿಮ್ಮ ಯಜಮಾನರ ತೊಂದರೆಗೆ ದಾರಿ ಇತ್ತು. ನಿಮ್ಮ ಮೊಟ್ಟೆಗೆ ಅವರ ವೀರ್ಯಾಣುವನ್ನು ಹೊರಗೆ ಲ್ಯಾಬಿನಲ್ಲಿ ಸೇರಿಸಿ ನಿಮ್ಮ ಗರ್ಭದೊಳಗೆ ಬಿಡಬಹುದಿತ್ತು. ಆಗಲೇ ಬಂದಿದ್ದರೆ ಒಳ್ಳೆಯ ಅವಕಾಶ ಇತ್ತು. ಈಗ ನಿಮ್ಮಲ್ಲಿ ಮೊಟ್ಟೆ ತೀರಾ ಕಡಿಮೆ ಆಗಿಬಿಟ್ಟಿವೆ. ಕೆಲವರಿಗೆ ಬೇಗ ಮುಗಿಯುತ್ತವೆ. ಒಂದು ಸಲ ಪ್ರಯತ್ನ ಮಾಡೋಣ, ಆದರೆ ನಾನು ಆಸೆ ಹುಟ್ಟಿಸೋದಿಲ್ಲ."

"ಮಾಡಾಣ ಮೇಡಂ" ಎಂದೆ ನಾನು.

"ಅಪ್ಪಾಜಿನ ಒಂದು ಮಾತು ಕೇಳಿ ಹೇಳ್ತೀವಿ" ಎಂದರು ನನ್ನ ಗಂಡ.

ನಾನು ಆ ಮನುಷ್ಯನ ಮುಖವನ್ನೇ ನೋಡಿದೆ. ಇಷ್ಟಾದ ಮೇಲೂ! "ಅಪ್ಪಾಜಿನ ಕೇಳ್ಕಂಡು ಬರೋದಾದ್ರೆ ನೀವು ಇವತ್ತು ಮನಿಗೆ ಒಬ್ರೇ ಹೋಗ್ರಿ, ನಾನು ಕೊಕ್ಕನೂರಿನ ಬಸ್ ಹತ್ತುತೀನಿ" ಎಂದೆ. ಡಾಕ್ಟರು ಪೆನ್ನು ಮುಂದೆ ತಳ್ಳಿದರು. ನನ್ನ ಗಂಡ ಸಹಿ ಹಾಕಿದರು.

ಒಂದು ಸಲ ಮಾಡಿದರು. ಸಿಕ್ಕಿದ ಮೊಟ್ಟೆ ಎರಡೇ. ಒಂದು ಮಾತ್ರ ಬೆಳೆಯಿತು. ಅದನ್ನು ಒಳಗೆ ಬಿಟ್ಟ ದಿನದಿಂದ ನಾನು ಕೆಮ್ಮಲೂ ಹೆದರುತ್ತಿದ್ದೆ. ರಕ್ತ ಪರೀಕ್ಷೆಗೆ ಹೋಗುವ ಮೊದಲೇ, ಬೆಳಗ್ಗೆ ಬಚ್ಚಲಲ್ಲಿ, ಎಲ್ಲ ಮುಗಿದದ್ದು ಗೊತ್ತಾಯಿತು. ನಲ್ಲಿ ಜೋರಾಗಿ ಬಿಟ್ಟುಕೊಂಡು ಒಬ್ಬಳೇ ಅತ್ತುಬಿಟ್ಟೆ. ಇನ್ನೊಂದು ಸಲಕ್ಕೆ ಮೊಟ್ಟೆಯೇ ಸಿಗುವುದಿಲ್ಲ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಅವರ ದನಿಯೂ ಸಣ್ಣದಾಗಿತ್ತು.

ಅಕ್ಕ ತಂಗಿಯರು ಅಷ್ಟರಲ್ಲಿ ರಾಜಿಯಾಗಿದ್ದರು. ಬೇರೆ ಒಳ್ಳೆಯ ಸೀರೆ ಬಂದಿತ್ತು. ಶ್ರಾವಣದಲ್ಲಿ ಒಂದು ಸಂಜೆ ಅತ್ತೆಯ ಅಕ್ಕ ನಮ್ಮ ಮನೆಗೆ ಬಂದರು, ಜೊತೆಗೆ ಓಣಿಯ ನಾಲ್ಕು ಹೆಂಗಸರು ಅರಿಶಿನ ಕುಂಕುಮಕ್ಕೆ ಸೇರಿದ್ದರು. ಮಾವ ಹಾಲ್‌ನಲ್ಲೇ ಕುರ್ಚಿಯಲ್ಲಿದ್ದರು, ಗಂಡ ಬಾಗಿಲ ಹತ್ತಿರ ನಿಂತಿದ್ದರು. ನಾನು ತಟ್ಟೆ ಹಿಡಿದು ಒಬ್ಬೊಬ್ಬರಿಗೆ ಕುಂಕುಮ ಕೊಡುತ್ತಿದ್ದೆ.

"ಏನವ್ವಾ, ಇನ್ನೂ ಏನೂ ಇಲ್ಲೇನು?" ಎಂದರು ಆ ಹಿರಿಯಾಕೆ, ಎಲ್ಲರಿಗೂ ಕೇಳುವಂತೆ. "ನಮ್ಮಳಿಯ ಐದು ವರ್ಸ ಒದ್ದಾಡಿದ ನೋಡು ನಿನ್ನ ಸಲುವಾಗಿ. ನಿನ್ನ ಮೈಯಾಗೇ ದೋಷ ಇದ್ರೆ ಅವ್ನಾದ್ರೂ ಏನ್ ಮಾಡ್ತಾನೆ?"

ಅತ್ತೆ ನನ್ನ ಸೆರಗು ಜಗ್ಗಿದರು. ಈ ಸಲ ನಾನು ಬಿಡಿಸಿಕೊಂಡೆ. ತಟ್ಟೆಯನ್ನು ನೆಲದ ಮೇಲಿಟ್ಟೆ.

"ನಿಮ್ಮಳಿಯ ನನಗೆ ಮೊದ್ಲನೇ ಸೂಜಿ ಚುಚ್ಚಿದಾಗ ನನ್ನ ಮೈಯಾಗೆ ಯಾವ ದೋಷನೂ ಇರ್ಲಿಲ್ಲ ದೊಡ್ಡವ್ವ. ಅದು ನಿಮ್ಮಳಿಯಗೂ ಗೊತ್ತಿತ್ತು, ಇಲ್ಲಿ ಕುಂತಿರೋ ಮಾವಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು, ಅಲ್ಲಿ ನಿಂತಾರಲ್ಲ, ಅವ್ರಿಗೂ ಗೊತ್ತಿತ್ತು. ಅವತ್ತು ಇರ್ಲಿಲ್ಲ. ಈಗ ಐತೆ."

ಮಾವ ಎದ್ದು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದರು.