ಬಾನೆಟ್ ಮುಂದೆ ಹಿಡಿದ ಫೋನು

ಹೆದರುವುದಕ್ಕೇ ನನಗೆ ಸಂಬಳ. ಕೊಲ್ಲಿ ನಾಡಿನ ಜುಬೈಲಿನ ಒಂದು ಕಾರ್ಖಾನೆಯಲ್ಲಿ ನಾನು ಸೇಫ್ಟಿ ಆಫೀಸರ್. ಏಣಿ ಕಂಡರೆ ಅದರಿಂದ ಬೀಳುವವನನ್ನೂ, ವೈರು ಕಂಡರೆ ಅದನ್ನು ಮುಟ್ಟುವವನನ್ನೂ ಮುಂಚಿತವಾಗಿ ಕಲ್ಪಿಸಿಕೊಂಡು ವರದಿ ಬರೆಯುವುದು ನನ್ನ ಉದ್ಯೋಗ. ಶಿಫ್ಟು ಮುಗಿದರೂ ಈ ಅಭ್ಯಾಸ ಮುಗಿಯುವುದಿಲ್ಲ. ನನ್ನ ಜೊತೆ ಮನೆಗೆ ಬಂದು ಊಟಕ್ಕೂ ಕೂರುತ್ತದೆ. "ಇದಕ್ಕೆ ಓವರ್‌ಟೈಮ್ ಯಾರು ಕೊಡ್ತಾರೆ?" ಎಂದು ಹೆಂಡತಿ ಝೊಹರಾ ಕೇಳುವುದುಂಟು.

ಇಂಥ ಪುಕ್ಕಲನ ಕೈಗೆ ಮೋನಾಕ ಎಂಬ ಗೆಳೆಯರೊಬ್ಬರು ತಮ್ಮ ಕಾರನ್ನು ಒಪ್ಪಿಸಿ ಹೋದರು. ಮೋನಾಕ ಉಪ್ಪಿನಂಗಡಿ ಕಡೆಯವರು, ನನಗಿಂತ ಇಪ್ಪತ್ತು ವರ್ಷ ಹಿರಿಯರು, ಅಲ್ ಖಫ್ಜಿ ಪಟ್ಟಣದಲ್ಲೂ ಇಲ್ಲೂ ಸೇರಿ ಜೀವಮಾನವಿಡೀ ಮೆಕ್ಯಾನಿಕ್. ಸಕ್ಕರೆ ಕಾಯಿಲೆ ಕಣ್ಣಿಗೇರಿ, ಸ್ಪ್ಯಾನರಿನ ನಂಬರನ್ನು ಬೆರಳಿನಿಂದ ಸವರಿ ತಿಳಿಯುವ ಸ್ಥಿತಿ ಬಂದಾಗ ಊರಿಗೆ ಹೊರಟರು. ಈ ದೇಶವನ್ನು ಖಾಯಂ ಬಿಡುವವನ ಹೆಸರಿನಲ್ಲಿ ಗಾಡಿ ಇರುವಂತಿಲ್ಲ. ಹಾಗಾಗಿ ಹೊರಡುವವರು ಉಳಿಯುವವರ ಹೆಸರಿಗೆ ಮಾಡಿಸಿ ಹೋಗುವುದು ನಮ್ಮವರ ರೂಢಿ. ಎಂಬತ್ತೆಂಟನೇ ಇಸವಿಯ ಆ ಜಪಾನೀ ಸೆಡಾನಿನ ಕೀಲಿ ಕೊಡುವಾಗ ಮೋನಾಕ ಹೇಳಿದ್ದು ಇಷ್ಟೇ: "ಮಾರಬೇಡ ಅಂತ ನಾನು ಹೇಳುದಿಲ್ಲ ಹಮೀದ್. ಮಾರುವ ಮೊದಲು ಒಂದು ಮಾತು ಹೇಳು."

ಮುಂದಿನ ಶುಕ್ರವಾರವೇ ಜುಮ್ಮಾ ನಮಾಜು ಮುಗಿಸಿ ಬರುವಷ್ಟರಲ್ಲಿ ಊರಿನಿಂದ ಅವರ ಫೋನು. "ಬಾನೆಟ್ ತೆಗೆ. ಸ್ಟಾರ್ಟ್ ಮಾಡು. ಫೋನು ಹತ್ತಿರ ಹಿಡಿ." ಹಿಡಿದೆ. ಒಂದು ನಿಮಿಷ ಕೇಳಿ, "ಬೆಲ್ಟು ಸಡಿಲ ಆಗಿದೆ, ಬಿಗಿ ಮಾಡಿಸು" ಎಂದು ಇಟ್ಟರು. ಹೋಗಿ ನೋಡಿಸಿದರೆ ಬೆಲ್ಟು ಸಡಿಲವೇ. ಅಲ್ಲಿಂದ ನಾಲ್ಕು ವರ್ಷ ಒಂದು ಶುಕ್ರವಾರವೂ ತಪ್ಪಲಿಲ್ಲ. ಆ ಹೊತ್ತಿಗೆ ಅವರು ಅಂಗಿ ಬದಲಿಸಿ, ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ ಎಂದು ಅವರ ಸೊಸೆ ಒಮ್ಮೆ ಹೇಳಿದ್ದಳು. ಅವರ ಕಣ್ಣು ಪೂರ್ತಿ ಹೋಗಿ ಆಗಲೇ ಎರಡು ವರ್ಷ.

ಹೀಗಿರುವಾಗ ವಾಟ್ಸಾಪಿನಲ್ಲಿ ಸುದ್ದಿ ಬಂತು. ಬೇರೆ ದೇಶಗಳಲ್ಲಿ ಇರುವಂತೆ ಇಲ್ಲಿಯೂ ಹಳೇ ಕಾರನ್ನು ಗುಜರಿಗೆ ಕೊಟ್ಟರೆ ಹೊಸದಕ್ಕೆ ಸರಕಾರವೇ ರಿಯಾಯಿತಿ ಕೊಡುತ್ತದಂತೆ. ಈಗ ಕೊಡದವರಿಗೆ ಆಮೇಲೆ ಗಾಡಿಯ ಕಾಗದವೇ ನವೀಕರಣ ಆಗುವುದಿಲ್ಲವಂತೆ. 'ಅಂತೆ' ಎಂದು ನಗಬೇಡಿ. ಕುಟುಂಬವನ್ನು ಇಲ್ಲಿ ಇಟ್ಟುಕೊಂಡ ಪರದೇಶದವರು ತಿಂಗಳು ತಿಂಗಳು ಶುಲ್ಕ ಕಟ್ಟಬೇಕಂತೆ ಎಂಬುದೂ ಮೊದಲು ಹೀಗೆಯೇ ಬಂದದ್ದು. ನಾವು ನಕ್ಕೆವು. ಅದು ನಿಜವಾಗಿ, ನಮ್ಮ ಬಿಲ್ಡಿಂಗಿನ ಮೂರು ಮನೆಯ ಹೆಂಗಸರು ಮಕ್ಕಳು ಊರಿಗೆ ಹೋದರು. ಆಮೇಲೆ ನನಗೆ ವದಂತಿಗೆ ನಗುವ ಧೈರ್ಯ ಉಳಿಯಲಿಲ್ಲ.

ಆಫೀಸಿನಲ್ಲಿ ಅಬು ಫಹದ್‌ನನ್ನು ಕೇಳಿದೆ. ಈತ ಇಲ್ಲಿಯವನೇ, ಹಳೇ ಗಾಡಿ ಎಂದರೆ ಪ್ರಾಣ. ತಂದೆಯ ಕಾಲದ ಪಿಕಪ್ಪಿಗೆ ಮನೆಯ ಅಂಗಳದಲ್ಲಿ ನೆರಳು ಕಟ್ಟಿಸಿ, ತನ್ನ ಹೊಸ ಕಾರನ್ನು ಬಿಸಿಲಲ್ಲಿ ನಿಲ್ಲಿಸುವ ಆಸಾಮಿ. "ಹೊಸ ಗಾಡಿ ಕೆಟ್ಟರೆ ಕಂಪ್ಯೂಟರ್ ಬೇಕು, ಹಳೇದಕ್ಕೆ ಮನುಷ್ಯ ಸಾಕು" ಎಂದ. ಹಳೇ ಕಾರು ಉಗುಳುವ ಹೊಗೆಯ ವಿಷಯ ಎತ್ತಿದೆ. ಹೊಸತನ್ನು ತಯಾರಿಸುವಾಗ ಏಳುವ ಹೊಗೆಯನ್ನು ಲೆಕ್ಕ ಹಿಡಿದವರುಂಟೇ ಎಂದು ಕೇಳಿದ. ನನಗೆ ಅವನ ಮಾತೂ ಸರಿ ಕಂಡಿತು, ವಾಟ್ಸಾಪಿನದ್ದೂ ಸರಿ ಕಂಡಿತು. ಏರ್‌ಬ್ಯಾಗ್ ಇಲ್ಲದ, ಹಿಂದಿನ ಸೀಟಿನಲ್ಲಿ ಬೆಲ್ಟೇ ಇಲ್ಲದ ಡಬ್ಬದಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿ ಹೆದ್ದಾರಿಗೆ ಇಳಿಯುವವನು ನಾನು. ಬೇರೆಯವನ ಗಾಡಿಯಾಗಿದ್ದರೆ ಎರಡು ಪುಟ ವರದಿ ಬರೆದಿರುತ್ತಿದ್ದೆ. ನಮ್ಮ ಅಜ್ಜನ ಕಾಲದಲ್ಲಿ ಎತ್ತಿನ ಗಾಡಿ ಹೋಗಿ ಬಸ್ಸು ಬಂದಾಗ ಯಾವ ಸರಕಾರವೂ ಎತ್ತು ಕೊಟ್ಟು ಟಿಕೇಟು ತಗೊಳ್ಳಿ ಎನ್ನಲಿಲ್ಲ. ಆಗ ಈ ತಲೆಬಿಸಿ ಇರಲಿಲ್ಲ. ಎತ್ತು ಹಟ್ಟಿಯಲ್ಲೇ ಇತ್ತು, ಮನುಷ್ಯ ಬಸ್ಸಿನಲ್ಲಿ ಹೋಗಿ ಬಂದ.

ಮಕ್ಕಳ ತೀರ್ಮಾನ ಬೇರೆಯೇ ಇತ್ತು. "ಅಬ್ಬಾ ಪ್ಲೀಸ್, ಸ್ಕೂಲ್ ಗೇಟ್ ಹತ್ತಿರ ನಿಲ್ಲಿಸ್ಬೇಡಿ." ಎಸಿ ಸತ್ತು ಎರಡು ಬೇಸಗೆ ಕಳೆದಿತ್ತು. ಕೊನೆಗೆ ಶೋರೂಮಿನವನು ಸರಕಾರದ ಯೋಜನೆ ಬಂದಾಗ ನೂಕುನುಗ್ಗಲು ಆಗುತ್ತದೆ, ಈಗಲೇ ಎಕ್ಸ್‌ಚೇಂಜ್ ಮಾಡಿ ಎಂದ. ನೂಕುನುಗ್ಗಲು ಎಂಬ ಪದ ಕೇಳಿದರೆ ನನಗೆ ತುರ್ತು ನಿರ್ಗಮನದ ಬಾಗಿಲು ಕಾಣುತ್ತದೆ. ಸಹಿ ಹಾಕಿದೆ. "ಮೋನಾಕನಿಗೆ ಹೇಳಿದಿರಾ?" ಎಂದು ಝೊಹರಾ ಕೇಳಿದಳು. ಹೇಳುತ್ತೇನೆ ಎಂದೆ. ಮೂರು ಸಲ ಫೋನು ಕೈಗೆತ್ತಿಕೊಂಡೆ, ಮೂರು ಸಲ ಕೆಳಗಿಟ್ಟೆ. ಹೇಳಿದರೆ ಆ ಮನುಷ್ಯ ಶುಕ್ರವಾರ ಯಾವುದಕ್ಕೆ ಅಂಗಿ ಬದಲಿಸಬೇಕು?

ಆಗ ನಾನು ಮಾಡಿದ ಕೆಲಸ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಕಾರು ಒಪ್ಪಿಸುವ ಬೆಳಿಗ್ಗೆ ಝೊಹರಾಳ ಫೋನಿನಲ್ಲಿ ಎಂಜಿನ್ನಿನ ಶಬ್ದವನ್ನು ಐದು ನಿಮಿಷ ರೆಕಾರ್ಡ್ ಮಾಡಿಕೊಂಡೆ.

ಶುಕ್ರವಾರ ಬಂತು. ಹೊಸ ಬಿಳಿ ಕಾರಿನ ಪಕ್ಕ ನಿಂತು, ಎರಡು ಫೋನುಗಳನ್ನು ಎದುರುಬದುರು ಹಿಡಿದು ರೆಕಾರ್ಡಿಂಗ್ ಹಾಕಿದೆ. ಅತ್ತ ಮೋನಾಕ ಎಂದಿನಂತೆ ಕೇಳುತ್ತಿದ್ದರು. ಒಂದು ನಿಮಿಷವಾಯಿತು. ಪಾರಾದೆ ಎಂದುಕೊಂಡೆ.

"ಸ್ವಲ್ಪ ಆಕ್ಸಿಲರೇಟರ್ ಕೊಡು" ಎಂದರು.

ಹೇಗೆ ಕೊಡಲಿ? ಐದು ನಿಮಿಷವೂ ಒಂದೇ ಸಮ ಗುರುಗುಟ್ಟುವ ಶಬ್ದ. ಹೆದರಿಕೆಯಲ್ಲಿ ವಾಲ್ಯೂಮ್ ಜಾಸ್ತಿ ಮಾಡಿದೆ. ನನ್ನ ಬುದ್ಧಿ ಅಷ್ಟು.

ಮೋನಾಕ ಮೆಲ್ಲಗೆ ಕೇಳಿದರು. "ಗಾಡಿ ಕೊಟ್ಟುಬಿಟ್ಟೆಯಾ?"

"ಕೊಟ್ಟೆ ಮೋನಾಕ. ಹೇಳಲಿಕ್ಕೆ ಹೆದರಿಕೆ ಆಯ್ತು."

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಆ ಸರಕಾರಿ ಯೋಜನೆ ನನಗೆ ಗೊತ್ತಿರುವ ಮಟ್ಟಿಗೆ ಇವತ್ತಿಗೂ ಬಂದಿಲ್ಲ ಎನ್ನುವುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

"ಹೊಸದು ತಗೊಂಡಿಯಲ್ಲ" ಎಂದರು ಮೋನಾಕ. "ಅದನ್ನು ಸ್ಟಾರ್ಟ್ ಮಾಡು, ಕೇಳುವ."

ಬಾನೆಟ್ ಎತ್ತಿ, ಸ್ಟಾರ್ಟ್ ಮಾಡಿ, ಫೋನನ್ನು ಎಂಜಿನ್ನಿಗೆ ತಾಗುವಷ್ಟು ಹತ್ತಿರ ಹಿಡಿದೆ.

"ಮಾಡಿದೆಯಾ?"

"ಮಾಡಿದೆ. ಓಡ್ತಾ ಉಂಟು."

"ನನಗೆ ಎಂತದೂ ಕೇಳುದಿಲ್ಲ."

ಇನ್ನೂ ಹತ್ತಿರ ಹಿಡಿದೆ. ಶೋರೂಮಿನವನು ಹೊಗಳಿ ಹೊಗಳಿ ಮಾರಿದ್ದು ಈ ನಿಶ್ಶಬ್ದವನ್ನೇ. ಇಷ್ಟು ದುಡ್ಡು ಕೊಟ್ಟ ಕಾರು ಒಂದು ಸಲ ಕೆಮ್ಮಬಾರದೇ ಎನಿಸಿ ನನಗೆ ಅಳು ಬಂತು.

"ಸಾಕು, ಬಿಡು" ಎಂದರು ಮೋನಾಕ. "ಫೋನು ನಿನ್ನ ಕಿವಿಗೆ ಇಟ್ಟುಕೋ. ನೀನು ಹೇಗಿದ್ದಿ, ಅದನ್ನು ಹೇಳು."

ನಾಲ್ಕು ವರ್ಷ ಪ್ರತಿ ಶುಕ್ರವಾರ ನಾವು ಮಾತಾಡಿಕೊಳ್ಳುತ್ತಿದ್ದೇವೆ ಎಂದೇ ನಾನು ತಿಳಿದಿದ್ದೆ. ಆದರೆ ನೀನು ಹೇಗಿದ್ದಿ ಎಂದು ಅವರು ಒಮ್ಮೆಯೂ ಕೇಳಿರಲಿಲ್ಲ. ಕಣ್ಣು ಹೋದ ಮೇಲೆ ಹೇಗಿದ್ದೀರಿ ಎಂದು ನಾನೂ ಕೇಳಿರಲಿಲ್ಲ. ಇಬ್ಬರಿಗೂ ನಡುವೆ ಕಾರು ಇತ್ತಲ್ಲ, ಅದೇ ಎಲ್ಲವನ್ನೂ ಹೇಳಿ ಮುಗಿಸುತ್ತಿತ್ತು.

ಚೆನ್ನಾಗಿದ್ದೇನೆ ಎನ್ನಲು ಬಾಯಿ ತೆರೆದೆ. "ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಬೇಕಾಗ್ತದೋ ಅಂತ ಹೆದರಿಕೆ ಆಗ್ತದೆ ಮೋನಾಕ" ಎಂದು ಬಂತು.

"ನನಗೂ ಇಲ್ಲಿ ಹೆದರಿಕೆ ಆಗ್ತದೆ ಮಾರಾಯ" ಎಂದರು ಅವರು. "ಮೊದಲು ನಿನ್ನದು ಹೇಳು."

ನಾನು ಎಂಜಿನ್ ಆಫ್ ಮಾಡಿದೆ.